ಪುಡಿಯಿಂದ ಮುರಿತದವರೆಗೆ: ಸೆರಾಮಿಕ್ ಮತ್ತು ಗಾಜಿನ ಮಾದರಿಗಳನ್ನು ತಯಾರಿಸಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಹತ್ತು ಉಕ್ಕಿನ ಕಂಬಿಗಳನ್ನು ಎಳೆದು ನೋಡಿದರೆ ಹತ್ತೂ ಹೆಚ್ಚುಕಡಿಮೆ ಒಂದೇ ಭಾರಕ್ಕೆ ಸೋಲುತ್ತವೆ. ಒಂದೇ ಚೀಲದ ಪುಡಿಯಿಂದ ಮಾಡಿ, ಒಂದೇ ಕುಲುಮೆಯಲ್ಲಿ, ಒಂದೇ ದಿನ ಸುಟ್ಟ ಹತ್ತು ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪಟ್ಟಿಗಳನ್ನು ಮುರಿದರೆ ಒಂದು 280 ಮೆಗಾಪ್ಯಾಸ್ಕಲ್‌ಗೆ (ಚದರ ಮಿ.ಮೀ.ಗೆ 280 ನ್ಯೂಟನ್) ಮುರಿದೀತು, ಇನ್ನೊಂದು 410ರವರೆಗೆ ತಡೆದೀತು. ಹೊಸದಾಗಿ ಈ ಕೆಲಸಕ್ಕೆ ಬಂದವರು ಇದನ್ನು ಯಂತ್ರದ ದೋಷವೆಂದು ತಿಳಿಯುವುದುಂಟು. ಯಂತ್ರ ಸರಿಯಾಗಿಯೇ ಇರುತ್ತದೆ. ಅದು ಅಳೆಯುತ್ತಿರುವುದು ಪ್ರತಿ ಪಟ್ಟಿಯೊಳಗಿನ ಅತಿ ಕೆಟ್ಟ ದೋಷವನ್ನು. ಗಾಜಿನ ಬಲ ಅದರಲ್ಲಿ ಮೊದಲೇ ಇರುವ ಬಿರುಕಿನ ಉದ್ದವನ್ನು ಅವಲಂಬಿಸುತ್ತದೆ ಎಂಬುದನ್ನು ಬ್ರಿಟಿಷ್ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ತೋರಿಸಿದರು: ಬಿರುಕು ನಾಲ್ಕು ಪಟ್ಟು ಉದ್ದವಾದರೆ ಬಲ ಅರ್ಧಕ್ಕಿಳಿಯುತ್ತದೆ. ಸಾಮಾನ್ಯ ಅಲ್ಯುಮಿನಾದಲ್ಲಿ ಲೆಕ್ಕ ಹಾಕಿ ನೋಡಿದರೆ, 350 ಮೆಗಾಪ್ಯಾಸ್ಕಲ್‌ಗೆ ಮುರಿದ ಪಟ್ಟಿಯಲ್ಲಿ ಮುರಿತಕ್ಕೆ ಕಾರಣವಾದ ದೋಷ ಸುಮಾರು 75ರಿಂದ 80 ಮೈಕ್ರೋಮೀಟರ್ ಆಳದ್ದಿರುತ್ತದೆ. ಅದು ತಲೆಗೂದಲೊಂದರ ದಪ್ಪ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪರೀಕ್ಷಾ ಯಂತ್ರಕ್ಕಿಂತ ಪುಡಿ, ಜರಡಿ, ಅಚ್ಚು ಮತ್ತು ಒಣಗಿಸುವಿಕೆಗೆ ಹೆಚ್ಚು ಜಾಗ ಕೊಡಲಾಗಿದೆ. ಉದಾಹರಣೆಗೆ ಅಲ್ಯುಮಿನಾವನ್ನೂ ಸೋಡಾ-ಸುಣ್ಣದ ಗಾಜನ್ನೂ ಆರಿಸಿಕೊಂಡಿದ್ದೇನೆ. ಇವೆರಡನ್ನು ಸರಿಯಾಗಿ ಮಾಡಲು ಬಂದವರಿಗೆ ಜಿರ್ಕೋನಿಯಾ ಆಗಲಿ ಬೋರೋಸಿಲಿಕೇಟ್ ಆಗಲಿ ಹೊಸ ಸಂಖ್ಯೆಗಳಾಗುತ್ತವೆಯೇ ಹೊರತು ಹೊಸ ಕೆಲಸವಾಗುವುದಿಲ್ಲ.

ಹಂತ 1: ಎಷ್ಟು ಮಾದರಿ ಬೇಕು ಎಂಬುದನ್ನು ಹಿಂದಿನಿಂದ ಎಣಿಸಿ

ಬಲದ ಅಂಕಿಅಂಶ ನಂಬುವಂತಿರಬೇಕಾದರೆ ಒಂದು ಬಗೆಯ ಸಂಸ್ಕರಣೆಗೆ ಸುಮಾರು 30 ಪಟ್ಟಿಗಳು ಬೇಕು. ಸುಟ್ಟು ಉಜ್ಜಿದ ಮೇಲೆ ಪ್ರತಿ ಪಟ್ಟಿಯ ಅಳತೆ 3 × 4 ಮಿ.ಮೀ. ಅಡ್ಡಕೊಯ್ತ ಮತ್ತು 45 ಮಿ.ಮೀ. ಉದ್ದ ಇರಬೇಕು, ಜಗತ್ತಿನ ಹೆಚ್ಚಿನ ಪ್ರಯೋಗಾಲಯಗಳು ಬಳಸುವ ಮಾನಕ ಅಳತೆ ಇದೇ. ಕತ್ತರಿಸುವಾಗ ಕೆಲವು ಹಾಳಾಗುತ್ತವೆ, ಸಾಂದ್ರತೆಗೂ ಸೂಕ್ಷ್ಮರಚನೆಗೂ ಕೆಲವು ಬೇಕಾಗುತ್ತವೆ. ಹೀಗಾಗಿ 45 ಪಟ್ಟಿಗಳಿಗೆ ಸಾಕಾಗುವಷ್ಟು ಪುಡಿಯನ್ನು ಮೊದಲೇ ತೂಗಿ, ಎಲ್ಲವನ್ನೂ ಒಂದೇ ಚೀಲದಿಂದ ತೆಗೆದು, ಚೀಲದ ಮೇಲಿನ ಲಾಟ್ ಸಂಖ್ಯೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ. ಅರ್ಧ ಕೆಲಸವಾದ ಮೇಲೆ ಹೊಸ ಚೀಲ ಒಡೆದು ಮುಂದುವರಿದವರಿಗೆ, ಬಂದ ವ್ಯತ್ಯಾಸ ಸುಡುವಿಕೆಯದೋ ಪುಡಿಯದೋ ಎಂದು ಹೇಳುವ ದಾರಿ ಉಳಿಯುವುದಿಲ್ಲ.

ಬದಲಾಯಿಸುವ ಅಂಶ ಒಂದೇ ಇರಲಿ: ಸುಡುವ ಉಷ್ಣತೆಯೋ, ಒತ್ತುವ ಒತ್ತಡವೋ, ಸೇರ್ಪಡೆಯ ಪ್ರಮಾಣವೋ. ಮೂರನ್ನೂ ಒಟ್ಟಿಗೆ ಬದಲಿಸುವ ಆಸೆಯನ್ನು ಅದುಮಿಕೊಳ್ಳಬೇಕು.

ಹಂತ 2: ಪುಡಿಯನ್ನು ಅರಿಯಿರಿ, ಆಮೇಲೆ ಅರೆಯಿರಿ

ಶುದ್ಧತೆ 99.8% ಅಥವಾ ಅದಕ್ಕಿಂತ ಹೆಚ್ಚು, ಕಣದ ಗಾತ್ರ ಅರ್ಧ ಮೈಕ್ರೋಮೀಟರ್‌ನ ಆಸುಪಾಸಿನ ಆಲ್ಫಾ ಅಲ್ಯುಮಿನಾ ಆರಂಭಕ್ಕೆ ಒಳ್ಳೆಯದು. ತಯಾರಕರು ಕೊಟ್ಟ ಪತ್ರದಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ: ಲೇಸರ್ ವಿಧಾನದಲ್ಲಿ ಅಳೆದ ಕಣದ ಗಾತ್ರ ಮತ್ತು ಪ್ರತಿ ಗ್ರಾಂಗೆ ಎಷ್ಟು ಚದರ ಮೀಟರ್ ಮೇಲ್ಮೈ ಎಂಬುದು. ಇವೆರಡನ್ನು ಹೋಲಿಸುವುದು ಐದು ನಿಮಿಷದ ಕೆಲಸ. ಅದರಿಂದ ತಿಳಿಯುವುದು ಮಾತ್ರ ಬಹಳ. ಕಣಗಳು ಗುಂಡಗಿವೆ ಎಂದು ಭಾವಿಸಿ, 6ನ್ನು ಸಾಂದ್ರತೆ ಮತ್ತು ಮೇಲ್ಮೈಗಳ ಗುಣಲಬ್ಧದಿಂದ ಭಾಗಿಸಿದರೆ ಕಣದ ವ್ಯಾಸ ಮೈಕ್ರೋಮೀಟರ್‌ಗಳಲ್ಲಿ ಸಿಗುತ್ತದೆ. ಗ್ರಾಂಗೆ 8 ಚದರ ಮೀಟರ್ ಇರುವ ಅಲ್ಯುಮಿನಾಗೆ ಅದು ಸುಮಾರು 0.19 ಮೈಕ್ರೋಮೀಟರ್. ಲೇಸರ್ ಯಂತ್ರ ಅದೇ ಪುಡಿಗೆ 0.5 ಎಂದು ತೋರಿಸಿದರೆ, ಪುಡಿಯ ಕಣಗಳು ಒಂಟಿಯಾಗಿಲ್ಲ, ಗುಂಪುಗುಂಪಾಗಿ ಅಂಟಿಕೊಂಡಿವೆ ಎಂದರ್ಥ. ಗುಂಪಿನೊಳಗಿನ ಕಣಗಳು ಬೇಗ ಬೆಸೆದುಕೊಂಡು ಕುಗ್ಗುತ್ತವೆ, ಸುತ್ತಲಿನವು ತಡವಾಗಿ. ಈ ಎರಡರ ನಡುವೆ ಸೀಳು ಬಾಯ್ದೆರೆಯುತ್ತದೆ. ಅರೆಯುವುದರ ಮುಖ್ಯ ಉದ್ದೇಶ ಈ ಗುಂಪುಗಳನ್ನು ಒಡೆಯುವುದೇ ಆಗಿದೆ.

ಪುಡಿಯನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಒಣಗಿಸಿ ಆಮೇಲೆ ತೂಗಿ. ಗಾಳಿಯ ತೇವ ಹೀರಿದ ಪುಡಿಯನ್ನು ಹಾಗೆಯೇ ತೂಗಿದರೆ ಸೇರ್ಪಡೆಯ ಲೆಕ್ಕವೆಲ್ಲ ತಪ್ಪುತ್ತದೆ. ಸೇರ್ಪಡೆ ಎಂದರೆ ಇಲ್ಲಿ ಮ್ಯಾಗ್ನೀಸಿಯಂ ಆಕ್ಸೈಡ್ (ಮ್ಯಾಗ್ನೀಸಿಯಾ), ಅದೂ ತೂಕದ 0.05%ದಷ್ಟು ಮಾತ್ರ. ಇಷ್ಟು ಚಿಟಿಕೆಯ ಮಹತ್ವ ಕಡಿಮೆಯೇನಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ರಾಬರ್ಟ್ ಕೋಬಲ್ ಅವರು ಸ್ವಲ್ಪವೇ ಮ್ಯಾಗ್ನೀಸಿಯಾ ಬೆರೆಸಿದ ಅಲ್ಯುಮಿನಾವನ್ನು ರಂಧ್ರಗಳೇ ಉಳಿಯದಂತೆ ಸುಟ್ಟು, ಬೆಳಕು ಹಾಯುವ ಸೆರಾಮಿಕ್ ಮಾಡಿದರು. ಅದರ ಪೇಟೆಂಟ್ 1962ರಲ್ಲಿ ಬಂತು, ಬೀದಿಗಳನ್ನು ಹಳದಿ ಬೆಳಕಿನಿಂದ ಬೆಳಗಿದ ಅಧಿಕ ಒತ್ತಡದ ಸೋಡಿಯಂ ದೀಪಗಳ ಒಳಕೊಳವೆ ಅದರಿಂದಲೇ ಆಯಿತು. ಮ್ಯಾಗ್ನೀಸಿಯಾ ಇಲ್ಲದಿದ್ದರೆ ಕೆಲವು ಹರಳುಗಳು ಅಕ್ಕಪಕ್ಕದವನ್ನು ನುಂಗುತ್ತ ಅತಿಯಾಗಿ ಬೆಳೆದು, ರಂಧ್ರಗಳನ್ನು ತಮ್ಮೊಳಗೇ ಸಿಕ್ಕಿಹಾಕಿಸಿಕೊಳ್ಳುತ್ತವೆ. ಒಮ್ಮೆ ಹರಳಿನ ಒಳಗೆ ಸಿಕ್ಕಿದ ರಂಧ್ರವನ್ನು ಎಷ್ಟು ಹೊತ್ತು ಸುಟ್ಟರೂ ಹೊರಹಾಕುವುದು ಕಷ್ಟ.

100 ಗ್ರಾಂ ಅಲ್ಯುಮಿನಾಗೆ 0.05 ಗ್ರಾಂ ಮ್ಯಾಗ್ನೀಸಿಯಾವನ್ನು ಪುಡಿಯಾಗಿ ಹಾಕಿ ಸಮನಾಗಿ ಹರಡುವುದು ಕಷ್ಟ. ಅದರ ಬದಲು ಆರು ನೀರಿನ ಅಣುಗಳಿರುವ ಮ್ಯಾಗ್ನೀಸಿಯಂ ನೈಟ್ರೇಟ್‌ನ 0.318 ಗ್ರಾಂ ತೂಗಿ ಎಥನಾಲ್‌ನಲ್ಲಿ ಕರಗಿಸಿ ಪುಡಿಯೊಂದಿಗೆ ಬೆರೆಸಿ. ಕೆಲಸದ ಕ್ರಮ ಹೀಗಿರಲಿ. ಪ್ಲಾಸ್ಟಿಕ್ ಜಾಡಿಯ ಅರ್ಧದಷ್ಟು ಅಧಿಕ ಶುದ್ಧತೆಯ ಅಲ್ಯುಮಿನಾ ಗುಂಡುಗಳನ್ನು ತುಂಬಿ, ಪುಡಿ ಮತ್ತು ಎಥನಾಲ್ ಸೇರಿಸಿ 12ರಿಂದ 24 ಗಂಟೆ ಉರುಳಿಸಿ. ಅಲ್ಯುಮಿನಾ ಗುಂಡುಗಳೇ ಏಕೆಂದರೆ, ಗುಂಡು ಸವೆದು ಪುಡಿಗೆ ಬೆರೆತರೂ ಬೆರೆಯುವುದು ಅದೇ ವಸ್ತು. ಆದರೂ ಅರೆಯುವ ಮೊದಲು ಮತ್ತು ಅರೆದ ಮೇಲೆ ಗುಂಡುಗಳನ್ನು ತೊಳೆದು, ಒಣಗಿಸಿ, ತೂಗಿ, ಸವೆತವನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ. ಬಳಿಕ ಹೊಗೆ ಹೀರುವ ಕಪಾಟಿನಲ್ಲಿ, ಹತ್ತಿರ ಜ್ವಾಲೆಯಾಗಲಿ ಕಿಡಿಯಾಗಲಿ ಇಲ್ಲದಂತೆ ನೋಡಿಕೊಂಡು, ಸತತವಾಗಿ ಕಲಕುತ್ತ ಒಣಗಿಸಬೇಕು. ಕಲಕದೆ ಬಿಟ್ಟರೆ ಕರಗಿದ ನೈಟ್ರೇಟ್ ದ್ರವದೊಂದಿಗೆ ಮೇಲಕ್ಕೆ ಏರಿ, ಮೇಲ್ಪದರದಲ್ಲೇ ಉಳಿದುಬಿಡುತ್ತದೆ. ಒಣಗಿದ ಪುಡಿಯನ್ನು 700 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ನೈಟ್ರೇಟ್ ವಿಘಟಿಸಿ ಆಕ್ಸೈಡ್ ಆಗುತ್ತದೆ; ಆಗ ಹೊರಡುವ ಕಂದು ಅನಿಲ ವಿಷಕಾರಿ, ಕುಲುಮೆಯ ಗಾಳಿ ಹೊರಗೆ ಹೋಗುವಂತಿರಲಿ. ಮತ್ತೆ ಎಥನಾಲ್‌ನಲ್ಲಿ ಅರೆದು, ಕೊನೆಯ ಒಂದೆರಡು ಗಂಟೆ ಇರುವಾಗ ಅಂಟಾಗಿ 2% ಪಾಲಿವಿನೈಲ್ ಬ್ಯೂಟಿರಾಲ್ ಸೇರಿಸಿ, ಪುನಃ ಕಲಕುತ್ತ ಒಣಗಿಸಿ, 150 ಮೈಕ್ರೋಮೀಟರ್ ಜರಡಿಯಲ್ಲಿ ಹಾಯಿಸಿ. ಜರಡಿಯಿಂದ ಬಂದದ್ದು ಹಿಟ್ಟಿನಂತೆ ಮೆತ್ತಿಕೊಳ್ಳದೆ ಸಣ್ಣ ರವೆಯಂತೆ ಹರಿದರೆ ಹದ ಸರಿಯಾಗಿದೆ.

ಜರಡಿಯ ಕೆಲಸವನ್ನು ಉದಾಸೀನ ಮಾಡಿ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ಅದನ್ನು ಕೊನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 3: ಒತ್ತಿ ಆಕಾರ ಕೊಡುವುದು

ಅಂಚು 60 ಮಿ.ಮೀ. ಇರುವ ಚೌಕ ಉಕ್ಕಿನ ಅಚ್ಚಿನಲ್ಲಿ ಹಲಗೆಗಳನ್ನು ಒತ್ತಿ, ಸುಟ್ಟ ಮೇಲೆ ಪಟ್ಟಿಗಳಾಗಿ ಕತ್ತರಿಸುವುದು ಅನುಕೂಲ. ಅಚ್ಚಿನ ಗೋಡೆಗೆ ಸ್ಟಿಯರಿಕ್ ಆಮ್ಲವನ್ನು ಅಸಿಟೋನ್‌ನಲ್ಲಿ ಕರಗಿಸಿ ತೆಳುವಾಗಿ ಸವರಿ. ಪುಡಿಯನ್ನು ಸುರಿದು, ಒಂದು ಪಟ್ಟಿಯಿಂದ ಮಟ್ಟಸ ಮಾಡಿ. ಗುಡ್ಡೆಯಾಗಿ ಬಿಟ್ಟರೆ ನಡುವೆ ಬಿಗಿಯಾಗಿ ಅಂಚಿನಲ್ಲಿ ಸಡಿಲವಾಗಿ ಕೂರುತ್ತದೆ, ಸುಟ್ಟಾಗ ಹಲಗೆ ಸೊಟ್ಟಗಾಗುತ್ತದೆ. 50 ಮೆಗಾಪ್ಯಾಸ್ಕಲ್ ಒತ್ತಡ ಬೇಕೆಂದರೆ 3,600 ಚದರ ಮಿ.ಮೀ. ವಿಸ್ತೀರ್ಣಕ್ಕೆ 180 ಕಿಲೋನ್ಯೂಟನ್, ಎಂದರೆ ಹದಿನೆಂಟು ಟನ್ನಿಗಿಂತ ಸ್ವಲ್ಪ ಹೆಚ್ಚು ಭಾರ ಹಾಕಬೇಕು. ಭಾರವನ್ನು ನಿಧಾನವಾಗಿ ಏರಿಸಿ, ಒಂದು ನಿಮಿಷ ನಿಲ್ಲಿಸಿ, ಇನ್ನೂ ನಿಧಾನವಾಗಿ ಇಳಿಸಿ. ಒತ್ತಿದ ಪುಡಿ ಭಾರ ತೆಗೆದಾಗ ಕೊಂಚ ಹಿಗ್ಗುತ್ತದೆ, ಒಳಗೆ ಸಿಕ್ಕ ಗಾಳಿಯೂ ಹೊರಬರಲು ತವಕಿಸುತ್ತದೆ. ಅವಸರ ಮಾಡಿದರೆ ಹಲಗೆ ಪದರಪದರವಾಗಿ ಬಿಡುತ್ತದೆ ಅಥವಾ ಮೇಲಿನ ಭಾಗ ಟೋಪಿಯಂತೆ ಕಳಚಿ ಬರುತ್ತದೆ. ಒತ್ತಡ ಹೆಚ್ಚಿಸಿದರೆ ಈ ತೊಂದರೆ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ.

ಉಕ್ಕಿನ ಅಚ್ಚಿನಲ್ಲಿ ಗೋಡೆಯ ತಿಕ್ಕಾಟದಿಂದ ಒತ್ತಡ ಎಲ್ಲ ಕಡೆಗೂ ಸಮನಾಗಿ ತಲುಪುವುದಿಲ್ಲ. ಸೌಲಭ್ಯವಿದ್ದರೆ ಹಲಗೆಯನ್ನು ರಬ್ಬರ್ ಚೀಲದಲ್ಲಿ ನಿರ್ವಾತ ಮಾಡಿ ಮುಚ್ಚಿ, ದ್ರವದೊಳಗೆ 200 ಮೆಗಾಪ್ಯಾಸ್ಕಲ್‌ನಲ್ಲಿ ಎಲ್ಲ ದಿಕ್ಕುಗಳಿಂದಲೂ ಒತ್ತಿ.

ಪ್ರತಿ ಹಸಿ (ಇನ್ನೂ ಸುಡದ) ಹಲಗೆಯನ್ನೂ ತೂಗಿ, ಅಳೆದು, ಸಾಂದ್ರತೆ ಲೆಕ್ಕ ಹಾಕಿ. ರಂಧ್ರವಿಲ್ಲದ ಅಲ್ಯುಮಿನಾದ ಸಾಂದ್ರತೆ ಘನ ಸೆಂಟಿಮೀಟರಿಗೆ 3.987 ಗ್ರಾಂ. ಅದರ 55%, ಎಂದರೆ ಸುಮಾರು 2.19 ಗ್ರಾಂ, ಬಂದರೆ ಚೆನ್ನ. ಉಳಿದವುಗಳಿಗಿಂತ 1% ಆಚೀಚೆ ಇರುವ ಹಲಗೆಯನ್ನು ಪಕ್ಕಕ್ಕಿಡಿ. ಈ ಸಂಖ್ಯೆಯಿಂದಲೇ ಕುಗ್ಗುವಿಕೆಯನ್ನು ಮುಂಚಿತವಾಗಿ ಹೇಳಬಹುದು: 55%ನಿಂದ 98%ಕ್ಕೆ ಹೋಗುವ ಹಲಗೆಯ ಪ್ರತಿ ಅಂಚೂ ಸುಮಾರು 17.5% ಕುಗ್ಗುತ್ತದೆ, 60 ಮಿ.ಮೀ. ಇದ್ದದ್ದು 49.5 ಆಗುತ್ತದೆ. 45 ಮಿ.ಮೀ. ಪಟ್ಟಿಗೆ ಆ ಅಚ್ಚು ಹೊಂದುವುದು ಈ ಕಾರಣಕ್ಕೆ.

ಹಂತ 4: ಸುಡುವುದು

ಸುಡುವುದೆಂದರೆ ಕರಗಿಸುವುದಲ್ಲ. ಅಲ್ಯುಮಿನಾ ಕರಗುವುದು 2,050 ಡಿಗ್ರಿಯ ಆಚೆಗೆ. ನಾವು ಸುಡುವುದು 1,550ರಲ್ಲಿ. ಅಲ್ಲಿ ಪರಮಾಣುಗಳು ಘನಸ್ಥಿತಿಯಲ್ಲೇ ಸರಿದಾಡಿ, ಕಣಗಳ ನಡುವಿನ ಸಂದುಗಳನ್ನು ತುಂಬುತ್ತವೆ. ಪುಡಿಯ ಅಪಾರ ಮೇಲ್ಮೈಯನ್ನು ಕಡಿಮೆ ಮಾಡಿಕೊಳ್ಳುವ ಒಲವೇ ಇದರ ಹಿಂದಿನ ಬಲ. ಇದನ್ನೇ ಸಿಂಟರಿಂಗ್ ಎನ್ನುತ್ತಾರೆ.

ಮೊದಲು ಅಂಟನ್ನು ಓಡಿಸಬೇಕು. ಕೋಣೆಯ ಉಷ್ಣತೆಯಿಂದ 500 ಡಿಗ್ರಿಯವರೆಗೆ ನಿಮಿಷಕ್ಕೆ 1 ಡಿಗ್ರಿಗಿಂತ ವೇಗವಾಗಿ ಏರಿಸಬೇಡಿ. ಅದಕ್ಕೇ ಎಂಟು ಗಂಟೆ ಹಿಡಿಯುತ್ತದೆ, ಹಿಡಿಯಲಿ. 600 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ. ಇಲ್ಲಿ ಮಾಡಿದ ಅವಸರ ಹಲಗೆಯ ನಡುವಿನಲ್ಲಿ ಬೂದು ಕಲೆಯಾಗಿ ಅಥವಾ ಒಳಸೀಳಾಗಿ ಕಾಣಿಸುತ್ತದೆ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ 1,550ಕ್ಕೆ ಏರಿಸಿ, ಎರಡು ಗಂಟೆ ಹಿಡಿದು, ಅದೇ ವೇಗದಲ್ಲಿ ಇಳಿಸಿ. ಹಲಗೆಗಳನ್ನು ಅಲ್ಯುಮಿನಾ ತಟ್ಟೆಯಲ್ಲಿ ಒರಟು ಅಲ್ಯುಮಿನಾ ಪುಡಿಯನ್ನು ಹಾಸಿ ಅದರ ಮೇಲಿಡಬೇಕು. ಹಲಗೆ ಕುಗ್ಗುವಾಗ ಜಾರಲು ಹಾಸು ಇಲ್ಲದಿದ್ದರೆ ತಟ್ಟೆಗೆ ಅಂಟಿ ಎಳೆದುಕೊಂಡು ಬಿರಿಯುತ್ತದೆ.

ಕುಲುಮೆಯ ಮುಖದ ಮೇಲಿನ ಸಂಖ್ಯೆ ಉಷ್ಣಯುಗ್ಮದ (ಉಷ್ಣತೆ ಅಳೆಯುವ ಜೋಡಿ ತಂತಿ, ಥರ್ಮೊಕಪಲ್) ತುದಿಯ ಉಷ್ಣತೆ, ಮಾದರಿಯದ್ದಲ್ಲ. ಎರಡರ ನಡುವೆ 20 ಡಿಗ್ರಿ ವ್ಯತ್ಯಾಸವಿರುವುದು ಅಪರೂಪವೇನಲ್ಲ. ಈ ಉಷ್ಣತೆಗೆ ಪ್ಲಾಟಿನಂ-ರೋಡಿಯಂ ತಂತಿಯ ಬಿ ಮಾದರಿಯ ಉಷ್ಣಯುಗ್ಮ ಬೇಕು; ಕೆ ಮಾದರಿಯದು ಇಲ್ಲಿ ಬಾಳುವುದಿಲ್ಲ. ಜರ್ಮನಿಯ ಹರ್ಮನ್ ಸೀಗರ್ ಅವರು 1886ರಲ್ಲಿ ರೂಪಿಸಿದ, ನಿರ್ದಿಷ್ಟ ಉಷ್ಣತೆ ಮತ್ತು ಸಮಯಕ್ಕೆ ಮೆತ್ತಗಾಗಿ ಬಾಗುವ ಶಂಕುಗಳು ಇಂದಿಗೂ ಪ್ರಯೋಜನಕ್ಕೆ ಬರುತ್ತವೆ, ಏಕೆಂದರೆ ಅವು ಮಾದರಿಯ ಪಕ್ಕದಲ್ಲೇ ನಿಂತು ಮಾದರಿ ಅನುಭವಿಸಿದ ಶಾಖವನ್ನೇ ಅನುಭವಿಸುತ್ತವೆ. ಅವು ಸಿಗದಿದ್ದರೆ, ಪ್ರತಿ ಸುಡುವಿಕೆಯಲ್ಲೂ ಒಂದೇ ಪುಡಿಯ ಒಂದು ಸಾಕ್ಷಿ ಬಿಲ್ಲೆಯನ್ನು ಇಟ್ಟು ಅದರ ವ್ಯಾಸವನ್ನು ಅಳೆದರೂ ಸಾಕು.

ಹೊರತೆಗೆದ ಹಲಗೆಯನ್ನು ಬೆರಳ ತುದಿಯಲ್ಲಿ ಹಗುರಾಗಿ ಹಿಡಿದು ಲೋಹದ ಕಡ್ಡಿಯಿಂದ ತಟ್ಟಿ ನೋಡಿ. ಟಣ್ ಎಂದು ನಾದ ಉಳಿದರೆ ಸರಿ. ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ. ಅದನ್ನು ಕತ್ತರಿಸಿ ಸಮಯ ಹಾಳುಮಾಡಿಕೊಳ್ಳಬೇಡಿ.

ಹಂತ 5: ಸಾಂದ್ರತೆಯನ್ನು ಮೂರು ತೂಕಗಳಿಂದ ತಿಳಿಯುವುದು

ಆರ್ಕಿಮಿಡೀಸ್ ತತ್ವದ ಈ ಅಳತೆ ಸುಲಭವೆನಿಸಿದರೂ ತಪ್ಪುಗಳು ಹೆಚ್ಚಾಗುವುದು ಇಲ್ಲೇ. ಒಣಗಿದ ಮಾದರಿಯ ತೂಕ ಮೊದಲನೆಯದು. ನಂತರ ಮಾದರಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಗಂಟೆ ಕುದಿಸಿ ಅಥವಾ ನಿರ್ವಾತದಲ್ಲಿ ನೀರು ತುಂಬಿಸಿ, ತೆರೆದ ರಂಧ್ರಗಳಿಗೆಲ್ಲ ನೀರು ಹೊಗುವಂತೆ ಮಾಡಿ, ತಣಿಸಿ, ನೀರಿನಲ್ಲಿ ತೂಗುಹಾಕಿ ತೂಗಿದ್ದು ಎರಡನೆಯದು. ಹೊರತೆಗೆದು ಒದ್ದೆ ಬಟ್ಟೆಯಿಂದ ಮೇಲ್ಮೈಯ ಹನಿಗಳನ್ನು ಮಾತ್ರ ಒರೆಸಿ ಗಾಳಿಯಲ್ಲಿ ತೂಗಿದ್ದು ಮೂರನೆಯದು. ಒಣ ಬಟ್ಟೆ ಬಳಸಿದರೆ ಅದು ರಂಧ್ರದೊಳಗಿನ ನೀರನ್ನೂ ಹೀರುತ್ತದೆ. ಬಟ್ಟೆ ತೊಟ್ಟಿಕ್ಕುವಂತಿದ್ದರೆ ಹೊರಗಿನ ನೀರು ಉಳಿಯುತ್ತದೆ. ಹಿಂಡಿದ ಬಟ್ಟೆಯ ಹದ ಕೈಗೆ ಬರಬೇಕಾದರೆ ಒಂದೇ ಮಾದರಿಯನ್ನು ಐದು ಸಲ ತೂಗಿ ನೋಡಿ.

ಒಂದು ಲೆಕ್ಕ ನೋಡೋಣ. ಒಣ ತೂಕ 5.842 ಗ್ರಾಂ, ನೀರಿನಲ್ಲಿ 4.345, ನೀರು ತುಂಬಿ ಗಾಳಿಯಲ್ಲಿ 5.850 ಎಂದಿಟ್ಟುಕೊಳ್ಳಿ. ಕೊನೆಯ ಎರಡರ ವ್ಯತ್ಯಾಸ 1.505. ನೀರಿನ ಉಷ್ಣತೆ 25 ಡಿಗ್ರಿ ಇದ್ದರೆ ಅದರ ಸಾಂದ್ರತೆ 0.9970. ಒಣ ತೂಕವನ್ನು ಇದರಿಂದ ಗುಣಿಸಿ 1.505ರಿಂದ ಭಾಗಿಸಿದರೆ 3.870 ಬರುತ್ತದೆ, 3.987ಕ್ಕೆ ಹೋಲಿಸಿದರೆ 97.1%. ತೆರೆದ ರಂಧ್ರಗಳ ಪಾಲು 5.850ರಿಂದ 5.842 ಕಳೆದು 1.505ರಿಂದ ಭಾಗಿಸಿದ್ದು, ಎಂದರೆ 0.5%. ಹಾಗಾದರೆ ಉಳಿದ ಸುಮಾರು 2.4% ಮುಚ್ಚಿದ ರಂಧ್ರಗಳು. ಈ ಕೊನೆಯ ಸಂಖ್ಯೆಯೇ ಮುಂದಿನ ಹೆಜ್ಜೆಯನ್ನು ಸೂಚಿಸುತ್ತದೆ: ರಂಧ್ರಗಳು ತೆರೆದಿದ್ದರೆ ಇನ್ನಷ್ಟು ಸುಡಬೇಕು, ಮುಚ್ಚಿಕೊಂಡಿದ್ದರೆ ಸುಮ್ಮನೆ ಉಷ್ಣತೆ ಏರಿಸುವುದರಿಂದ ಹರಳು ಬೆಳೆದೀತೇ ಹೊರತು ರಂಧ್ರ ಹೋಗುವ ಭರವಸೆಯಿಲ್ಲ, ಪುಡಿ ಮತ್ತು ಒತ್ತುವಿಕೆಯತ್ತ ಮರಳಬೇಕು. ನೀರಿನಲ್ಲಿ ತೂಗುವಾಗ ಮಾದರಿಗೆ ಅಂಟಿದ ಒಂದು ಗಾಳಿಗುಳ್ಳೆ ಈ ಇಡೀ ತರ್ಕವನ್ನು ತಲೆಕೆಳಗು ಮಾಡಬಲ್ಲದು ಎಂಬುದನ್ನು ಮರೆಯಬಾರದು. ನೀರಿಗೆ ಒಂದು ಹನಿ ಮಾರ್ಜಕ ಹಾಕಿದರೆ ಗುಳ್ಳೆ ಅಂಟುವುದು ಕಡಿಮೆಯಾಗುತ್ತದೆ.

ಹಂತ 6: ಸೂಕ್ಷ್ಮರಚನೆ

ಒಂದು ತುಂಡನ್ನು ರಾಳದಲ್ಲಿ ಕೂರಿಸಿ, 9, 3 ಮತ್ತು 1 ಮೈಕ್ರೋಮೀಟರ್ ವಜ್ರದ ಪುಡಿಯಿಂದ ಕ್ರಮವಾಗಿ ಹೊಳಪು ಕೊಡಿ. ರಾಳದಿಂದ ಬಿಡಿಸಿ, ಸುಟ್ಟ ಉಷ್ಣತೆಗಿಂತ ನೂರೈವತ್ತು ಡಿಗ್ರಿ ಕಡಿಮೆಯಲ್ಲಿ ಅರ್ಧ ಗಂಟೆ ಇಟ್ಟರೆ ಹರಳುಗಳ ಗಡಿಗಳು ತೆಳು ತೋಡುಗಳಾಗಿ ಮೇಲೇಳುತ್ತವೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದ ಮೇಲೆ ಗೆರೆ ಎಳೆದು, ಗೆರೆಯ ಉದ್ದವನ್ನು ಅದು ದಾಟಿದ ಗಡಿಗಳ ಸಂಖ್ಯೆಯಿಂದ ಭಾಗಿಸಿ, 1.56ರಿಂದ ಗುಣಿಸಿದರೆ ಹರಳಿನ ಸರಾಸರಿ ಗಾತ್ರ ಸಿಗುತ್ತದೆ. ಗುಣಿಸಿದ್ದೀರೋ ಇಲ್ಲವೋ ಎಂಬುದನ್ನು ವರದಿಯಲ್ಲಿ ಬರೆಯಿರಿ.

ಅದೇ ಮೇಲ್ಮೈಯಲ್ಲಿ ವಿಕರ್ಸ್ ವಜ್ರದ ಸೂಜಿ ಒತ್ತಿ ಗಡಸುತನ ಅಳೆಯಬಹುದು. ದಟ್ಟ ಅಲ್ಯುಮಿನಾಗೆ 15ರಿಂದ 18 ಗಿಗಾಪ್ಯಾಸ್ಕಲ್ ಬರುತ್ತದೆ. ಆದರೆ ಗುರುತಿನ ಮೂಲೆಗಳಿಂದ ಹೊರಟ ಬಿರುಕುಗಳ ಉದ್ದ ಅಳೆದು, ಬಿರುಕು ತಡೆಯುವ ಶಕ್ತಿಯನ್ನು ಲೆಕ್ಕ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅದು ಅಗ್ಗ ಮತ್ತು ಶೀಘ್ರ ಎಂಬ ಕಾರಣಕ್ಕೇ ಹರಡಿದೆ; ಬಳಸುವ ಸೂತ್ರ ಬದಲಾದರೆ ಉತ್ತರವೂ ಬದಲಾಗುತ್ತದೆ. ಗೀರು ಕೊಟ್ಟ ಪಟ್ಟಿಯನ್ನು ಬಾಗಿಸಿ ಮುರಿದು ಅಳೆಯುವುದೇ ಸರಿಯಾದ ದಾರಿ.

ಹಂತ 7: ಗಾಜು ಕರಗಿಸಿ ಎರೆಯುವುದು

ಗಾಜಿನಲ್ಲಿ ಹರಳುಗಳಿಲ್ಲ, ಆದ್ದರಿಂದ ಹರಳಿನ ಗಡಿಗಳೂ ಇಲ್ಲ. ದೋಷಗಳೆಂದರೆ ಗುಳ್ಳೆ, ಕರಗದ ಕಲ್ಲು, ಸಂಯೋಜನೆ ಬೇರೆಯಾದ ಎಳೆಗಳು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮೇಲ್ಮೈಯ ಗೀರುಗಳು. ತೂಕದಲ್ಲಿ 74% ಸಿಲಿಕಾ, 16% ಸೋಡಿಯಂ ಆಕ್ಸೈಡ್, 10% ಕ್ಯಾಲ್ಸಿಯಂ ಆಕ್ಸೈಡ್ ಇರುವ 100 ಗ್ರಾಂ ಗಾಜಿಗೆ 74 ಗ್ರಾಂ ಸಿಲಿಕಾ ಪುಡಿ, 27.36 ಗ್ರಾಂ ಸೋಡಿಯಂ ಕಾರ್ಬೊನೇಟ್ ಮತ್ತು 17.85 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಒಟ್ಟು 119.2 ಗ್ರಾಂ, ಹೆಚ್ಚಿನ 19.2 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ಸಿಲಿಕಾ ಪುಡಿ ಶ್ವಾಸಕೋಶಕ್ಕೆ ಅಪಾಯಕಾರಿ, ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ತೂಗುವಾಗ ಧೂಳು ತಡೆಯುವ ಮುಖಗವಸು ಕಡ್ಡಾಯ, ಬಟ್ಟೆಯ ಮಾಸ್ಕ್ ಸಾಲದು.

ಮೂಸೆ ಪ್ಲಾಟಿನಂದಾದರೆ ಗಾಜು ಶುದ್ಧವಾಗಿರುತ್ತದೆ. ಅಲ್ಯುಮಿನಾ ಮೂಸೆಯಲ್ಲೂ ಕರಗಿಸಬಹುದು. ಗಾಜು ಮೂಸೆಯನ್ನು ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುವುದರಿಂದ ಗಾಜಿನಲ್ಲಿ ಅಲ್ಯುಮಿನಾ ಸೇರುತ್ತದೆ, ಅದನ್ನು ಅಳೆದು ಹೇಳಬೇಕು. ಮಿಶ್ರಣವನ್ನು ಒಮ್ಮೆಲೇ ಸುರಿಯದೆ ಮೂರ್ನಾಲ್ಕು ಕಂತುಗಳಲ್ಲಿ ಹಾಕಿ, ಇಲ್ಲದಿದ್ದರೆ ಅನಿಲ ಹೊರಡುವಾಗ ಹಾಲಿನಂತೆ ಉಕ್ಕಿ ಕುಲುಮೆಯ ತಳ ಸೇರುತ್ತದೆ. 1,450 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಅಗಲವಾದ ಉಕ್ಕಿನ ಬಕೆಟ್ಟಿನ ನೀರಿಗೆ ತೆಳು ಧಾರೆಯಾಗಿ ಸುರಿಯಿರಿ, ಅದು ಚೂರುಚೂರಾಗುತ್ತದೆ. ಚೂರುಗಳನ್ನು ಒಣಗಿಸಿ, ಕುಟ್ಟಿ, ಮತ್ತೆ ಎರಡು ಮೂರು ಗಂಟೆ ಕರಗಿಸಿ. ಕಲಕುವ ವ್ಯವಸ್ಥೆ ಇಲ್ಲದ ಪ್ರಯೋಗಾಲಯದಲ್ಲಿ ಗಾಜು ಏಕರೂಪವಾಗಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಹೆಚ್ಚು ಹೊತ್ತು ಇಟ್ಟರೆ ಗುಳ್ಳೆ ಕಡಿಮೆಯಾಗುತ್ತದೆ, ಆದರೆ ಸೋಡಿಯಂ ಆವಿಯಾಗಿ ಹೋಗುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಎಲ್ಲಿ ನಿಂತಿರೆಂಬುದನ್ನು ಮುಗಿದ ಗಾಜಿನ ರಾಸಾಯನಿಕ ವಿಶ್ಲೇಷಣೆಯೇ ಹೇಳಬೇಕು.

ಅಂತಿಮವಾಗಿ ಎರೆಯುವ ಅಚ್ಚನ್ನು 400 ಡಿಗ್ರಿಗೆ ಕಾಯಿಸಿರಬೇಕು ಮತ್ತು ಅದು ಎಲುಬಿನಂತೆ ಒಣಗಿರಬೇಕು. ಅಚ್ಚಿನ ತಳದಲ್ಲಿ ಒಂದು ಹನಿ ನೀರಿದ್ದರೂ ಗಾಜಿನಡಿ ಸಿಕ್ಕಿದ ಉಗಿ ಕುದಿವ ಗಾಜನ್ನು ಮುಖಕ್ಕೆ ಎರಚುತ್ತದೆ. ಪೂರ್ಣ ಮುಖಕವಚ, ಶಾಖ ತಡೆಯುವ ಕೈಗವಸು ಮತ್ತು ಏಪ್ರನ್ ಇಲ್ಲದೆ ಕುಲುಮೆಯ ಬಾಗಿಲು ತೆರೆಯಬಾರದು; ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು.

ಎರೆದ ಗಾಜು ಗಟ್ಟಿಯಾದ ಕೂಡಲೇ 560 ಡಿಗ್ರಿಯ ಇನ್ನೊಂದು ಕುಲುಮೆಗೆ ಹೋಗಬೇಕು. ಅಲ್ಲಿ ಒಂದು ಗಂಟೆ ಇಟ್ಟು, 450ರವರೆಗೆ ನಿಮಿಷಕ್ಕೆ 1 ಡಿಗ್ರಿಯಂತೆ ಇಳಿಸಿ, ಆಮೇಲೆ ಕುಲುಮೆ ಆರಿಸಿ ಬಿಟ್ಟುಬಿಡಿ. ಹೊರಮೈ ಮೊದಲು ತಣಿದು ಗಟ್ಟಿಯಾಗಿ, ಒಳಗು ಆಮೇಲೆ ಕುಗ್ಗಲು ಹೋದಾಗ ಉಳಿಯುವ ಒಳಎಳೆತವನ್ನು ಈ ನಿಧಾನದ ತಣಿಸುವಿಕೆ ತಪ್ಪಿಸುತ್ತದೆ. ತಪ್ಪಿಸಿದೆಯೋ ಇಲ್ಲವೋ ಎಂದು ನೋಡಲು ಗಾಜನ್ನು ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿಯಿರಿ: ಎಲ್ಲವೂ ಕಪ್ಪಾಗಿ ಕಂಡರೆ ಸರಿ, ಅಂಚಿನಲ್ಲಿ ಬಿಳಿ ಪಟ್ಟೆಯೋ ಬಣ್ಣವೋ ಮೂಡಿದರೆ ಮತ್ತೆ ಕುಲುಮೆಗೆ.

ಹಂತ 8: ಕತ್ತರಿಸಿ ಮುರಿಯುವುದು

ವಜ್ರದ ಗರಗಸದಲ್ಲಿ ಕತ್ತರಿಸಿದ ಪಟ್ಟಿಗಳನ್ನು ಉದ್ದದ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡಲಾಗಿ ಉಜ್ಜಿದರೆ ಪ್ರತಿ ಗೀರೂ ಎಳೆತಕ್ಕೆ ಅಡ್ಡವಾದ ಬಿರುಕಾಗಿ, ನೀವು ವಸ್ತುವಿನ ಬಲದ ಬದಲು ಉಜ್ಜುಚಕ್ರದ ಒರಟುತನವನ್ನು ಅಳೆಯುತ್ತೀರಿ. ನಾಲ್ಕೂ ಉದ್ದದ ಅಂಚುಗಳನ್ನು 0.1 ಮಿ.ಮೀ.ನಷ್ಟು ಓರೆಯಾಗಿ ಮೊಂಡು ಮಾಡಿ. ಗಾಜಿನ ಪಟ್ಟಿಯ ಪರೀಕ್ಷಾಮುಖವನ್ನು ಬೆರಳಿನಿಂದ ಮುಟ್ಟಬಾರದು, ಮೇಜಿನ ಮೇಲೆ ಸರಿಸಲೂಬಾರದು. ಎಲ್ಲ ಪಟ್ಟಿಗಳಿಗೂ ಒಂದೇ ಬಗೆಯ ಉಜ್ಜುಕಾಗದದಿಂದ ಒಂದೇ ರೀತಿ ಗೀರು ಕೊಟ್ಟು ಹೋಲಿಸುವುದು ಹೆಚ್ಚು ಪ್ರಾಮಾಣಿಕ.

ಮೂರು ಬಿಂದುಗಳಿಗಿಂತ ನಾಲ್ಕು ಬಿಂದುಗಳ ಬಾಗುವಿಕೆ ಒಳ್ಳೆಯದು, ಏಕೆಂದರೆ ಅದರಲ್ಲಿ ಪಟ್ಟಿಯ ಹೆಚ್ಚು ಭಾಗ ಪೂರ್ಣ ಎಳೆತಕ್ಕೆ ಸಿಗುತ್ತದೆ. ಕೆಳಗಿನ ಆಧಾರಗಳ ನಡುವೆ 40 ಮಿ.ಮೀ., ಮೇಲಿನವುಗಳ ನಡುವೆ 20 ಮಿ.ಮೀ. ಇದ್ದಾಗ, ಮುರಿದ ಭಾರವನ್ನು 30ರಿಂದ ಗುಣಿಸಿ, ಅಗಲ ಮತ್ತು ದಪ್ಪದ ವರ್ಗದ ಗುಣಲಬ್ಧದಿಂದ ಭಾಗಿಸಿ. 4 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿ 420 ನ್ಯೂಟನ್‌ಗೆ ಮುರಿದರೆ ಬಲ 350 ಮೆಗಾಪ್ಯಾಸ್ಕಲ್. ಆಧಾರದ ಉರುಳೆಗಳು ತಿರುಗುವಂತಿರಬೇಕು. ಬಿಗಿಯಾಗಿದ್ದರೆ ತಿಕ್ಕಾಟದಿಂದ ಸಂಖ್ಯೆ ಸುಳ್ಳಾಗಿ ಏರುತ್ತದೆ. ತುಂಡುಗಳು ಸಿಡಿಯುವುದರಿಂದ ಪಾರದರ್ಶಕ ತಡೆ ಇರಲಿ, ಮುರಿಯುವ ಮೊದಲೇ ಪಟ್ಟಿಯ ಹಿಂಬದಿಗೆ ಅಂಟುಪಟ್ಟಿ ಹಚ್ಚಿದರೆ ತುಂಡುಗಳು ಚದುರುವುದಿಲ್ಲ.

ಗಾಳಿಯ ತೇವಾಂಶವನ್ನೂ ಭಾರ ಏರಿಸಿದ ವೇಗವನ್ನೂ ಬರೆದಿಡಿ. ಬಿರುಕಿನ ತುದಿಯಲ್ಲಿ ನೀರಿನ ಅಣು ಸಿಲಿಕಾನ್-ಆಮ್ಲಜನಕ ಬಂಧವನ್ನು ಒಡೆಯುವುದರಿಂದ, ನಿಧಾನವಾಗಿ ಭಾರ ಹಾಕಿದ ಗಾಜು ಕಡಿಮೆ ಭಾರಕ್ಕೇ ಮುರಿಯುತ್ತದೆ. ಈ ವಿವರವಿಲ್ಲದ ಗಾಜಿನ ಬಲದ ಸಂಖ್ಯೆಯನ್ನು ಬೇರೆ ಯಾವುದಕ್ಕೂ ಹೋಲಿಸಲಾಗದು.

ಹಂತ 9: ಚದುರಿದ ಸಂಖ್ಯೆಗಳನ್ನು ಓದುವುದು

ಸರಾಸರಿಯನ್ನಷ್ಟೇ ಕೊಡುವುದು ಸಾಲದು. ಸ್ವೀಡನ್ನಿನ ವಲೋಡಿ ವೈಬುಲ್ 1939ರಲ್ಲಿ ಮುಂದಿಟ್ಟ ವಿಧಾನದಲ್ಲಿ, 30 ಬಲಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಪ್ರತಿಯೊಂದರ ಕ್ರಮಸಂಖ್ಯೆಯಿಂದ ಅರ್ಧ ಕಳೆದು 30ರಿಂದ ಭಾಗಿಸಿದರೆ ಅಷ್ಟರೊಳಗೆ ಮುರಿಯುವ ಸಂಭವನೀಯತೆ ಸಿಗುತ್ತದೆ. ಒಂದರಿಂದ ಸಂಭವನೀಯತೆಯನ್ನು ಕಳೆದು, ಅದರ ವಿಲೋಮದ ಸ್ವಾಭಾವಿಕ ಲಾಗರಿದಮ್‌ಗೆ ಮತ್ತೊಮ್ಮೆ ಲಾಗರಿದಮ್ ತೆಗೆದು, ಬಲದ ಲಾಗರಿದಮ್‌ನ ಎದುರು ಗುರುತಿಸಿದರೆ ಚುಕ್ಕೆಗಳು ಒಂದು ಗೆರೆಯ ಮೇಲೆ ಬರಬೇಕು. ಗೆರೆಯ ಇಳಿಜಾರೇ ವೈಬುಲ್ ಮಾಡ್ಯುಲಸ್. ಸೆರಾಮಿಕ್‌ಗಳಲ್ಲಿ ಅದು ಸಾಮಾನ್ಯವಾಗಿ 5ರಿಂದ 20ರ ನಡುವೆ ಇರುತ್ತದೆ. ಹೆಚ್ಚಾದಷ್ಟೂ ಮಾದರಿಗಳು ಒಂದರಂತೊಂದು. ಮಾಡ್ಯುಲಸ್ 10 ಇರುವ ವಸ್ತುವಿನಿಂದ ಘನಗಾತ್ರದಲ್ಲಿ ಹತ್ತು ಪಟ್ಟು ದೊಡ್ಡ ವಸ್ತು ಮಾಡಿದರೆ ಅದರ ಬಲ ಸುಮಾರು 20% ಕಡಿಮೆಯಾಗುತ್ತದೆ, ಏಕೆಂದರೆ ದೊಡ್ಡದರಲ್ಲಿ ದೊಡ್ಡ ದೋಷ ಸಿಗುವ ಸಂಭವ ಹೆಚ್ಚು.

ಚುಕ್ಕೆಗಳು ಒಂದು ಗೆರೆಯ ಬದಲು ನಡುವೆ ಮುರಿದ ಎರಡು ಗೆರೆಗಳಾಗಿ ಕಂಡರೆ, ಎರಡು ಬೇರೆ ಬಗೆಯ ದೋಷಗಳಿವೆಯೆಂದು ಶಂಕಿಸಿ. ಕೆಟ್ಟ ಚುಕ್ಕೆಗಳನ್ನು ಅಳಿಸಿ ಗೆರೆಯನ್ನು ಚೆಂದಗಾಣಿಸುವ ಮೊದಲು ಮುಂದಿನ ಹಂತಕ್ಕೆ ಬನ್ನಿ.

ಹಂತ 10: ಮುರಿದ ಮುಖವನ್ನು ನೋಡುವುದು

ಮುರಿದ ಎರಡು ಅರ್ಧಗಳನ್ನೂ ಇಟ್ಟುಕೊಂಡು, ಮುರಿತದ ಮುಖಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಮೊದಲು ಓರೆ ಬೆಳಕಿನಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಾಜಿನಲ್ಲಿ ಚಿತ್ರ ಸ್ಪಷ್ಟ: ಮುರಿತ ಹುಟ್ಟಿದ ಜಾಗದ ಸುತ್ತ ಕನ್ನಡಿಯಂಥ ನುಣುಪು, ಅದರಾಚೆ ಮಂಜಿನಂಥ ಮಸುಕು, ಅದರಾಚೆ ಬೀಸಣಿಗೆಯಂತೆ ಹರಡಿದ ಒರಟು ಗೆರೆಗಳು. ಗೆರೆಗಳನ್ನು ಹಿಂದಕ್ಕೆ ಅನುಸರಿಸಿದರೆ ಮೂಲ ಸಿಗುತ್ತದೆ. ಕನ್ನಡಿಯ ತ್ರಿಜ್ಯವನ್ನು ಅಳೆದರೆ ಯಂತ್ರವಿಲ್ಲದೆಯೂ ಬಲ ಹೇಳಬಹುದು: ಸೋಡಾ-ಸುಣ್ಣದ ಗಾಜಿನಲ್ಲಿ ತ್ರಿಜ್ಯ 1 ಮಿ.ಮೀ. ಇದ್ದರೆ ಮುರಿದದ್ದು ಸುಮಾರು 60 ಮೆಗಾಪ್ಯಾಸ್ಕಲ್‌ಗೆ. ಅಲ್ಯುಮಿನಾದಲ್ಲಿ ಹರಳುಗಳ ಒರಟುತನದಿಂದ ಕನ್ನಡಿ ಮಸುಕು. ಜಾಗ ಗುರುತಿಸಿಕೊಂಡು ಇಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹೋಗಬೇಕಾಗುತ್ತದೆ.

ಜರಡಿಯ ಕಥೆಗೆ ಬರುತ್ತೇನೆ. ಒಂದು ಸರಣಿಯಲ್ಲಿ ನನ್ನ ವೈಬುಲ್ ಗೆರೆ ಕೆಳತುದಿಯಲ್ಲಿ ಮುರಿದಿತ್ತು. ದುರ್ಬಲವಾದ ಕೆಲವು ಪಟ್ಟಿಗಳು ಉಳಿದವುಗಳಿಂದ ಬೇರೆಯಾಗಿಯೇ ನಿಂತಿದ್ದವು. ಕುಲುಮೆಯನ್ನು ಅನುಮಾನಿಸಿ ಉಷ್ಣಯುಗ್ಮವನ್ನೂ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಆ ಪಟ್ಟಿಗಳ ಮುರಿದ ಮುಖಗಳನ್ನು ನೋಡಿದಾಗ ಮೂಲದಲ್ಲಿ ಕಂಡದ್ದು ಗುಂಡಗಿನ ರಂಧ್ರವಲ್ಲ, ಎರಡೂ ಬದಿ ಸಮಾಂತರವಾದ, ಒಳಗೋಡೆ ನುಣುಪಾದ ಕೊಳವೆ. ಪುಡಿಯನ್ನು ಜರಡಿಯಲ್ಲಿ ತಳ್ಳಲು ನಾನು ಬಳಸುತ್ತಿದ್ದ ನೈಲಾನ್ ಕುಂಚದ ಕೂದಲುಗಳು ಸವೆದು ತುಂಡಾಗಿ ಪುಡಿಗೆ ಬೀಳುತ್ತಿದ್ದವು. ಸುಡುವಾಗ ಅವು ಉರಿದುಹೋಗಿ ತಮ್ಮ ಅಚ್ಚನ್ನು ಬಿಟ್ಟಿದ್ದವು. ಕುಂಚದ ಬದಲು ಸಿಲಿಕೋನ್ ಪಟ್ಟಿ ಬಳಸಿದ ಮೇಲೆ ಅಂಥ ಕೊಳವೆಗಳು ಮತ್ತೆ ಕಾಣಲಿಲ್ಲ.

ಹೀಗೆ ಪ್ರತಿ ಪಟ್ಟಿಯ ಎದುರು ಬಲದ ಜೊತೆಗೆ ಮೂಲದ ಬಗೆಯನ್ನೂ ಬರೆಯಿರಿ. ಗುಂಡಗಿನ ಅಥವಾ ಉದ್ದನೆಯ ಖಾಲಿ ಜಾಗವಿದ್ದರೆ ಹಂತ 2ರಲ್ಲಿ ಸೇರಿದ ಕಸ; ಒಂದು ಗಂಟನ್ನು ಸುತ್ತುವರಿದ ಅರ್ಧಚಂದ್ರದ ಸೀಳಿದ್ದರೆ ಒಡೆಯದೆ ಉಳಿದ ಕಣಗಳ ಗುಂಪು; ಒತ್ತುವ ದಿಕ್ಕಿಗೆ ಅಡ್ಡವಾದ ಚಪ್ಪಟೆ ಸೀಳಿದ್ದರೆ ಹಂತ 3ರ ಅವಸರ; ಒಂಟಿಯಾಗಿ ಬೆಳೆದ ದೊಡ್ಡ ಹರಳಿದ್ದರೆ ಮ್ಯಾಗ್ನೀಸಿಯಾ ಸಮನಾಗಿ ಹರಡಿಲ್ಲ ಅಥವಾ ಸುಡುವಿಕೆ ಹೆಚ್ಚಾಗಿದೆ; ಮೇಲ್ಮೈಯ ಅಂಚಿನಲ್ಲೇ ಮೂಲವಿದ್ದರೆ ಹಂತ 8ರ ಉಜ್ಜುವಿಕೆ. ಮುರಿದ ತುಂಡುಗಳನ್ನು ಪಟ್ಟಿಯ ಸಂಖ್ಯೆ ಬರೆದ ಪ್ರತ್ಯೇಕ ಲಕೋಟೆಗಳಲ್ಲಿ, ಫಲಿತಾಂಶ ಪ್ರಕಟವಾಗಿ ವರ್ಷವೊಂದು ಕಳೆಯುವವರೆಗಾದರೂ ಜೋಪಾನ ಮಾಡಿ. ಯಾರಾದರೂ ಒಂದು ಸಂಖ್ಯೆಯನ್ನು ಪ್ರಶ್ನಿಸಿದರೆ ಉತ್ತರ ಹುಡುಕಬೇಕಾದದ್ದು ಆ ಲಕೋಟೆಯಲ್ಲಿ.